ಗುರುಪಾದಪ್ಪನ ಗಂಟಲಿಗೆ ಮುಂಗಡ ಸೂಜಿ

ಖಾನಾಪುರದ ಟೆಂಪೋ ಸ್ಟ್ಯಾಂಡಿನಲ್ಲಿ ಗುರುಪಾದಪ್ಪನ ಧೋತರವು ಗುರುಪಾದಪ್ಪನನ್ನು ಬಿಟ್ಟು ತಾನೊಂದೇ ಬೆಳಗಾವಿಗೆ ಹೊರಟುಹೋದದ್ದು ೧೯೮೧ನೇ ಇಸವಿಯ ದೀಪಾವಳಿಯ ಹಿಂದಿನ ದಿನ, ಬೆಳಿಗ್ಗೆ ಹತ್ತು ಗಂಟೆಗೆ. ನೋಡಿದವರು ನಲವತ್ತು ಮಂದಿ. ನೋಡಿದೆವೆಂದು ಆಮೇಲೆ ಹೇಳಿಕೊಂಡವರು ನಾಲ್ಕುನೂರು.

ಗುರುಪಾದಪ್ಪನ ಉದ್ಯೋಗ ಕೂಗುವುದು. ಖಾನಾಪುರದಿಂದ ಬೆಳಗಾವಿಗೆ ಓಡಾಡುವ ಮೈಲಾರಲಿಂಗನ ಟೆಂಪೋಗೆ ಜನರನ್ನು ಕೂಗಿ ಕರೆದು, ಕೂಡಿಸಿ, ಒತ್ತಿ, ಒತ್ತಿದವರನ್ನು ಇನ್ನಷ್ಟು ಒತ್ತಿ, ಕಡೆಗೆ ಹಿಂದಿನ ಬಾಗಿಲಿಗೆ ನೇತುಬಿದ್ದು ತಾನೂ ಹೋಗುವುದು. ಆ ಗಾಡಿಗೆ ಸೀಟಿಯಿಲ್ಲ, ಗಂಟೆಯಿಲ್ಲ. ತಗಡಿಗೆ ಅಂಗೈಯಿಂದ ಒಂದು ಸಲ ಬಡಿದರೆ ನಿಲ್ಲು. ಎರಡು ಸಲ ಬಡಿದರೆ ಹೊರಡು. ಮೈಲಾರಲಿಂಗ ಹಿಂದೆ ತಿರುಗಿ ನೋಡುವ ಪೈಕಿ ಅಲ್ಲ. ಅವನ ಕನ್ನಡಿ ಕೂಡ ರಸ್ತೆಯನ್ನು ಬಿಟ್ಟು ಅವನ ಮೀಸೆಯನ್ನೇ ನೋಡುತ್ತಿತ್ತು. ಎರಡು ಬಡಿತ ಬಿದ್ದವೋ, ಗಾಡಿ ಹೋಯಿತು. ಹೀಗಾಗಿ ಎರಡನೆಯ ಬಡಿತದ ಬೆನ್ನಿಗೇ ಗುರುಪಾದಪ್ಪನ ಬಲಗೈ ಮನಸ್ಸನ್ನು ಕೇಳದೆ ತಾನಾಗಿಯೇ ಎದ್ದು ಬಾಗಿಲ ಸರಳನ್ನು ಹಿಡಿಯುತ್ತಿತ್ತು. ಒಂದು ಬಡಿತ ಬಿದ್ದರೆ ಅಷ್ಟೇ ತಾನಾಗಿ ಬಿಡುತ್ತಿತ್ತು. ಹತ್ತು ವರ್ಷದ ರೂಢಿ.

ಅವತ್ತು ಗಾಡಿ ಅರ್ಧ ತುಂಬಿತ್ತು. "ಗಣೇಬೈಲ, ಮಚ್ಛೆ, ಪೀರನವಾಡಿ, ಬೆಳಗಾಂ..." ಎನ್ನುವಷ್ಟರಲ್ಲಿ ಗುರುಪಾದಪ್ಪನ ಕೂಗು ನಡುದಾರಿಯಲ್ಲಿ ಕೆಟ್ಟುನಿಂತಿತು. ಒಳಗಿನಿಂದ 'ಸೊಂಯ್' ಎಂದು ತೆಳ್ಳಗೆ ಒಂದು ಸದ್ದು ಬಂತು. ಕಣ್ಣು ಕತ್ತಲೆಗಟ್ಟಿತು. ಬೀಳಬಾರದೆಂದು ಟೆಂಪೋದ ಮೈಗೆ ಕೈಕೊಟ್ಟ, ಕೈ ಜಾರಿತು, ಮತ್ತೆ ಕೊಟ್ಟ. ಧಬ್. ಧಬ್.

ಮೈಲಾರಲಿಂಗ ಹೊರಟ. ಬಲಗೈ ರೂಢಿಯಂತೆ ಎದ್ದಿತು, ಅಷ್ಟರಲ್ಲಿ ಸರಳು ಮುಂದೆ ಹೋಗಿತ್ತು. ಧೋತರದ ಚುಂಗು ಬಾಗಿಲ ಕೊಂಡಿಗೆ ಸಿಕ್ಕಿತ್ತು, ಅದೂ ಹೊರಟಿತು. "ನಿಲ್ಲಸಲೇ" ಎಂದು ಕೂಗಲು ಬಾಯಿ ತೆಗೆದರೆ ಬಂದದ್ದು ಮತ್ತೊಂದು 'ಸೊಂಯ್'. ಒಂದು ಕಾಲಕ್ಕೆ ಮೂರು ಓಣಿ ಆಚೆಯ ಎಮ್ಮೆಯನ್ನು ಎಬ್ಬಿಸುತ್ತಿದ್ದ ದನಿಗೆ ಹತ್ತು ಮಾರು ದೂರದ ಟೆಂಪೋ ನಿಲ್ಲಿಸುವುದಾಗಲಿಲ್ಲ. ಪಟ್ಟಾಪಟ್ಟಿ ಚಡ್ಡಿಯ ಮೇಲೆ ನಿಂತವನಿಗೆ ಜೋಳ ಮಾರಲು ಬಂದ ಮುದುಕಿಯೊಬ್ಬಳು ಖಾಲಿ ಚೀಲ ಚಾಚಿ, "ತಗೋ ತಮ್ಮಾ, ಸುತ್ಗೋ. ಹಬ್ಬದಾಗ ಇಂಥಾ ದರ್ಶನ ಬ್ಯಾಡ" ಎಂದಳು.

ಚೀಲ ಸುತ್ತಿಕೊಂಡು ಮನೆಗೆ ನಡೆದ ಗುರುಪಾದಪ್ಪನಿಗೆ ಧೋತರದ ಬಗ್ಗೆ ಅಂಥ ನಾಚಿಕೆಯೇನೂ ಆಗಿರಲಿಲ್ಲ. ನಾಚಿಕೆಯಾದದ್ದು ಕೂಗಿನ ಬಗ್ಗೆ. ಧೋತರ ಗಣೇಬೈಲಿನಲ್ಲಿ ಸಿಕ್ಕಿತು. ಕೂಗು ಎಲ್ಲಿ ಬಿದ್ದಿತೋ ಗೊತ್ತಾಗಲಿಲ್ಲ.

ಅವನು ಪಾರಿಶ್ವಾಡದ ಒಕ್ಕಲುಮನೆತನದವನು. ಐದು ಮಂದಿ ಅಣ್ಣತಮ್ಮಂದಿರಲ್ಲಿ ನಾಲ್ವರಿಗೆ ಕೈ ದೊಡ್ಡವು, ಇವನಿಗೆ ಬಾಯಿ ದೊಡ್ಡದು. ಹೊಲದಲ್ಲಿ ಉಳಿದವರು ಕವಣೆಯಿಂದ ಹಕ್ಕಿ ಓಡಿಸಿದರೆ ಇವನು 'ಹೋ' ಎಂದರೆ ಸಾಕು, ಬಾಜೂ ಹೊಲದ ಹಕ್ಕಿಗಳೂ ಎದ್ದುಹೋಗಿ, ಬಾಜೂ ಹೊಲದವರು ಜೋಳ ಉಳಿಯಿತೆಂದು ಅರ್ಧ ಸೇರು ಕಳಿಸುತ್ತಿದ್ದರು. ಸಾಲಿಯ ಗಂಟೆ ಒಡೆದ ವರ್ಷ ಮಾಸ್ತರರು ಹೊಸ ಗಂಟೆ ತರಿಸುವ ತಂಟೆಗೇ ಹೋಗದೆ ಇವನನ್ನು ಬಾಗಿಲಲ್ಲಿ ನಿಲ್ಲಿಸಿದರು. ಗಂಟೆ ಪಾಸಾಗುವುದಿಲ್ಲವಲ್ಲ, ಇವನೂ ಆಗಲಿಲ್ಲ.

ದೊಡ್ಡವನಾದ ಮೇಲೆ ಖಾನಾಪುರಕ್ಕೆ ಬಂದು ಸ್ಟ್ಯಾಂಡಿನ ಹಿಂದೆಯೇ ಮನೆ ಮಾಡಿದ. ಕೂಗಿನಲ್ಲಿ ಅವನಿಗೊಂದು ಕಸುಬುಗಾರಿಕೆ ಇತ್ತು. ಆ ಊರಲ್ಲಿ ಕನ್ನಡ ಮಾತಾಡುವ ಅರ್ಧ ಜನರಿಗೆ ಬೆಳಗಾವಿ, ಮರಾಠಿ ಮಾತಾಡುವ ಇನ್ನರ್ಧ ಜನರಿಗೆ ಬೆಳಗಾಂವ್. ತಪ್ಪಿ ಕೂಗಿದರೆ ಗಿರಾಕಿ ಬಾಜೂ ಗಾಡಿಗೆ ಹತ್ತುತ್ತಾನೆ. ಗುರುಪಾದಪ್ಪ "ಬೆಳಗಾಂ..." ಎಂದು ಎಳೆದು, ಉಸಿರು ಬಿಗಿಹಿಡಿದು, ಎದುರಿಗಿದ್ದವನ ತಲೆ ನೋಡುತ್ತಿದ್ದ. ರುಮಾಲಿದ್ದರೆ 'ವಿ' ಹಚ್ಚಿ "ಬರ್ರಿ ಯಪ್ಪಾ, ಕುಂದರ್ರಿ" ಎನ್ನುವುದು. ಟೊಪ್ಪಿಗೆ ಇದ್ದರೆ 'ವ್' ಎಂದು ಮುಗಿಸಿ "ಯಾ ಕಾಕಾ, ಬಸಾ" ಎನ್ನುವುದು. ಬೋಳುತಲೆ ಬಂದರೆ ಮಾತ್ರ ಎಳೆದದ್ದನ್ನು ಎಳೆಯುತ್ತಲೇ ಇರುತ್ತಿದ್ದ. ಗಡಿ ಗಲಾಟೆಯ ದಿನಗಳಲ್ಲಿ ಎಷ್ಟೋ ಗಾಡಿಗಳಿಗೆ ಕಲ್ಲು ಬಿದ್ದವು, ಇವನ ಗಾಡಿಗೆ ಬೀಳಲಿಲ್ಲ. ರಾಜಕಾರಣಿಗಳಿಗೆ ಇಲ್ಲದ ಆ ಉದ್ದನೆಯ ಉಸಿರು ಇವನಿಗಿತ್ತು.

ಆ ಉಸಿರಿಗೇ ಈಗ ಸಂಚಕಾರ. ಜನ ಗಳಿಸಿದ ಗಂಟನ್ನು ಪೆಟ್ಟಿಗೆಯಲ್ಲಿ ಇಡುತ್ತಾರೆ. ಗುರುಪಾದಪ್ಪ ಗಂಟಲಲ್ಲಿ ಇಟ್ಟುಕೊಂಡಿದ್ದ. ಕೊರಳಿನ ಮುಂದೆ ಎಂಟು ವರ್ಷದಿಂದ ಒಂದು ಗಡ್ಡೆ ಬೆಳೆಯುತ್ತಿತ್ತು: ಮೊದಲು ಅಡಿಕೆ, ಆಮೇಲೆ ನಿಂಬೆಹಣ್ಣು, ಈಗ ಒಳ್ಳೇ ಬದನೆಕಾಯಿ. ಹೆಂಡತಿ ನಿಂಗವ್ವ ಅವನ ಕೊರಳ ಲಿಂಗದ ಶಿವದಾರವನ್ನು ಮೂರು ಸಲ ಬಿಚ್ಚಿ ಉದ್ದ ಮಾಡಿದ್ದಳು. ಮೂರನೆಯ ಸಲ, "ಇನ್ನ ದಾರ ಇಲ್ಲ. ದವಾಖಾನಿಗೆ ನಡೀರಿ" ಎಂದಿದ್ದಳು. ಅವನು ಟಾವೆಲ್ ಸುತ್ತಿಕೊಂಡು ಸ್ಟ್ಯಾಂಡಿಗೆ ನಡೆದಿದ್ದ. ಧೋತರ ಹೋದ ಮೇಲೆ ಟಾವೆಲ್ಲಿನ ಆಟ ನಡೆಯಲಿಲ್ಲ. ಸಂಕ್ರಾಂತಿ ಮುಗಿಯುತ್ತಲೂ ನಿಂಗವ್ವ ಅವನನ್ನು ಮೈಲಾರಲಿಂಗನ ಟೆಂಪೋದಲ್ಲೇ, ಗಿರಾಕಿಯ ಸೀಟಿನಲ್ಲಿ ಕೂಡಿಸಿ, ಬೆಳಗಾವಿಗೆ ಕರೆದುಕೊಂಡು ಹೋದಳು.

ದಂಡು ಬೀಡುಬಿಟ್ಟ ಕ್ಯಾಂಪಿನ ಹತ್ತಿರದ ದೊಡ್ಡ ದವಾಖಾನೆ. ಬಾಜೂ ಹಾಸಿಗೆಯಲ್ಲಿ ರಾಯಪ್ಪನೆಂಬ ಹಿರಿಯ. ಮದುವೆ ಬ್ಯಾಂಡಿನಲ್ಲಿ ತುತ್ತೂರಿ ಊದುತ್ತಿದ್ದವನು. ಅವನಿಗೂ ಬೇರೆಲ್ಲೋ ಆಪರೇಷನ್ ಆಗಿತ್ತು. ಉಸಿರಿಗೆಂದು ಗಂಟಲೊಳಗೆ ಇಳಿಸಿದ್ದ ಕೊಳವೆಯನ್ನು ತೆಗೆದ ಮೇಲೆ ಒಳಗೆಲ್ಲ ಬಾತು, ಉಸಿರಿನ ದಾರಿ ಮುಚ್ಚಿ, ಜೀವ ಉಳಿಸಲು ಅವಸರದಲ್ಲಿ ಕೊರಳಿಗೇ ತೂತು ಮಾಡಿದ್ದರು. ಈಗ ಅವನು ಆ ತೂತಿನಿಂದ ಉಸಿರಾಡುತ್ತಿದ್ದ. ಮಾತಿಗೆ ಪಾಟಿ ಬಳಪ. ಗುರುಪಾದಪ್ಪನ ಉದ್ಯೋಗವೇನೆಂದು ಕೇಳಿ ತಿಳಿದ ಕೂಡಲೆ ಪಾಟಿಯ ಮೇಲೆ ಬರೆದ: 'ಮೊದಲ ನಾ ತುತ್ತೂರಿ ಊದತಿದ್ದೆ. ಈಗ ನನ್ನ ಕೊರಳ ನನ್ನ ಊದತೈತಿ.' ಬರೆದು ತಾನೇ ಸದ್ದಿಲ್ಲದೆ ನಕ್ಕ. ಗುರುಪಾದಪ್ಪನಿಗೆ ನಗು ಬರಲಿಲ್ಲ.

ಅರಿವಳಿಕೆ ಕೊಡುವ ಡಾಕ್ಟರು ಸುಮನ್ ಎಂಬ ಹೆಣ್ಣುಮಗಳು, ಬೆಳಗಾವಿಯವರೇ. ರೋಗಿಗೆ ಸಮಾಧಾನ ಹೇಳುವಾಗ ಕನ್ನಡ, ಬೈಯುವಾಗ ಮರಾಠಿ. ಆದ್ದರಿಂದ ಅವರು ಏನು ಹೇಳುತ್ತಾರೆಂಬುದಕ್ಕಿಂತ ಯಾವುದರಲ್ಲಿ ಹೇಳುತ್ತಾರೆ ಎಂಬುದರ ಕಡೆ ವಾರ್ಡಿನ ಲಕ್ಷ್ಯವೆಲ್ಲ. ಅವತ್ತು ಕನ್ನಡದಲ್ಲಿ ಶುರು ಮಾಡಿದರು.

"ನೋಡ್ರಿ ಗುರುಪಾದಪ್ಪನವರ, ನಿಮ್ಮ ಗಡ್ಡಿ ಉಸಿರಿನ ನಳಗೀನ ಎಂಟ್ ವರ್ಷ ಒತ್ತೇತಿ. ಗಡ್ಡಿ ತಗದ ಮ್ಯಾಲೂ ಒಂದ್ ದಿವಸ ಕೊಳವಿ ಬಾಯಾಗ ಇಟ್ಟಿರ್ತೀವಿ. ಮರುದಿವಸ ಸಂಜೀ ಆರಕ್ಕ ತಗೀತೀವಿ. ಅದಕ್ಕ ಮೊದಲ, ಮುಂಜಾನಿ ಆರಕ್ಕೊಂದು, ಹತ್ತಕ್ಕೊಂದು, ಮಧ್ಯಾಹ್ನ ಎರಡಕ್ಕೊಂದು, ಮೂರು ಸೂಜಿ. ಸ್ಟಿರಾಯ್ಡ್ ಅಂತ."

"ಯಾತಕ್ರೀ ಅವು?"

"ಒಳಗ ಬಾವು ಬರಬಾರದು ಅಂತ."

"ಈಗ ಬಂದೈತೇನ್ರಿ?"

"ಇಲ್ಲ."

"ಮತ್ತ ಬರಲಾರದ್ದಕ್ಕ ಔಷಧೇನ್ರಿ?"

"ಬಂದ ಮ್ಯಾಲ ಕೊಟ್ರ ತಡ ಆಗತೈತಿ. ಔಷಧ ಕೆಲಸಾ ಮಾಡಾಕ ತಾಸಗಟ್ಲೆ ಬೇಕು, ಉಸಿರು ಅಷ್ಟ ತಾಸು ಕಾಯೂದಿಲ್ಲ." ಡಾಕ್ಟರು ಅವನ ಮುಖ ನೋಡಿದರು. ಅರ್ಥವಾದ ಲಕ್ಷಣವಿರಲಿಲ್ಲ. "ನೀವು ಗಾಡಿ ತುಂಬೂಕಿಂತ ಮೊದಲ ಕೂಗ್ತೀರೋ, ತುಂಬಿದ ಮ್ಯಾಲ ಕೂಗ್ತೀರೋ?"

"ತುಂಬಿದ ಮ್ಯಾಲ ಯಾ ಹುಚ್ಚ ಕೂಗ್ತಾನ್ರಿ ಬಾಯಾರ?"

"ಹಂಗ ಇದೂ."

ಗುರುಪಾದಪ್ಪ ರಾಯಪ್ಪನ ಕೊರಳ ಕಡೆಗೊಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದ: "ನನಗ ಹಂಗ ತೂತು ಬಿದ್ರ... ಕೂಗಾಕ ಬರತೈತೇನ್ರಿ?"

ಡಾಕ್ಟರು ಸುಳ್ಳು ಹೇಳಲಿಲ್ಲ. "ಬರೂದಿಲ್ಲ. ಅದನ್ನ ತಪ್ಪಸಾಕನ ಆ ಮೂರು ಸೂಜಿ. ಕೊಳವಿ ಆರು ಗಂಟೇಕ. ಒಂದ್ ಮಿನಿಟ್ ಮೊದಲ ಇಲ್ಲ."

'ಆರು ಗಂಟೆ' ಎಂಬ ಮಾತನ್ನು ಗುರುಪಾದಪ್ಪ ಅಷ್ಟಾಗಿ ನಂಬಲಿಲ್ಲ. ಹತ್ತು ವರ್ಷ ಅವನೂ "ಈಗ ಹೊಂಟ್ತು, ಇದ ಹೊಂಟ್ತು, ಎರಡ ಮಿನಿಟು" ಎಂದು ಜನರನ್ನು ಒಂದೊಂದು ತಾಸು ಕೂಡಿಸಿದವನು. ವೇಳೆ ಎನ್ನುವುದು ಗಿರಾಕಿಗೆ ಹೇಳಲು ಇರುವ ಮಾತು ಎಂಬುದು ಅವನ ಅನುಭವ.

ಆಪರೇಷನ್ನಿನ ಮುಂಜಾನೆ ಸಿಸ್ಟರ್ ಕುಮುದಿನಿ ಕೊರಳ ಶಿವದಾರ ತೆಗೆಯಬೇಕೆಂದರು. ನಿಂಗವ್ವನ ಮುಖ ಬಾಡಿತು. ಸಿಸ್ಟರು ಏನೂ ವಾದ ಮಾಡದೆ ಲಿಂಗವನ್ನು ಬಿಳಿ ಪಟ್ಟಿಯಲ್ಲಿ ಸುತ್ತಿ ಅವನ ತೋಳಿಗೆ ಕಟ್ಟಿದರು. "ಮೈಮ್ಯಾಲ ಇದ್ರ ಆತಲ್ಲವಾ? ಕೊರಳು ಇವತ್ತ ಡಾಕ್ಟರದು. ತೋಳು ದೇವರದು." ಹಂಚಿಕೆ ನಿಂಗವ್ವನಿಗೆ ನ್ಯಾಯವಾಗಿ ಕಂಡಿತು.

ಗಡ್ಡೆ ಹೊರಬಂತು. ಬದನೆಕಾಯಿ ಎಂದುಕೊಂಡದ್ದು ಒಳಗೆ ಕುಂಬಳಕಾಯಿಯ ತಮ್ಮನಾಗಿತ್ತಂತೆ. ಮರುದಿನ ಬೆಳಿಗ್ಗೆ ಆರಕ್ಕೆ ಮೊದಲನೆಯ ಸೂಜಿ ಬಿತ್ತು. ಗುರುಪಾದಪ್ಪ ಅರೆನಿದ್ದೆಯಲ್ಲಿ ಮಲಗಿದ್ದ. ಬಾಯಲ್ಲಿ ಕೊಳವೆ, ಕೊಳವೆಯ ತುದಿಯಲ್ಲಿ ಉಸಿರು ಹೋಗಿಬರುವ ಸದ್ದು. ಕಣ್ಣು ಬಿಡುತ್ತಿದ್ದ, ಮುಚ್ಚುತ್ತಿದ್ದ. ಮಾತು ಮಾತ್ರ ಇಲ್ಲ.

ನಿಂಗವ್ವ ಅದನ್ನು ಗಮನಿಸಿದಳು. ಮದುವೆಯಾಗಿ ಇಪ್ಪತ್ತೆರಡು ವರ್ಷ. ಆ ಮನೆಯಲ್ಲಿ ಅವಳು ಒಂದು ಮಾತನ್ನು ಶುರು ಮಾಡಿ ಮುಗಿಸಿದ್ದು ನೆನಪಿರಲಿಲ್ಲ. ಅವಳು ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಂಡಳು.

"ಕೇಳ್ರಿಲ್ಲೆ," ಎಂದಳು. "ನಮ್ಮ ತಂಗೀ ಲಗ್ನದಾಗ ನೀವು ಬೀಗರ ಮುಂದ ಏನಂದ್ರಿ, ನೆನಪೈತೇನ?"

ಗುರುಪಾದಪ್ಪ ಕಣ್ಣು ಮುಚ್ಚಿದ.

"ಮುಚ್ಚಬ್ಯಾಡ್ರಿ. ಕಿವಿ ತೆರದ ಅದಾವು, ನನಗ ಗೊತ್ತೈತಿ."

ಕ್ಯಾಂಪಿನ ಚರ್ಚಿನ ಗಂಟೆ ಎಂಟು ಬಡಿಯಿತು, ಒಂಬತ್ತು ಬಡಿಯಿತು. ನಿಂಗವ್ವ ತಂಗಿಯ ಲಗ್ನ ಮುಗಿಸಿ, ಮಾರಿದ ಆಕಳಿಗೆ ಬಂದು, ಆಕಳಿನಿಂದ ಅತ್ತೆಗೆ ಬಂದಿದ್ದಳು. ಹತ್ತಕ್ಕೆ ಎರಡನೆಯ ಸೂಜಿ ಹಿಡಿದು ಬಂದ ಕುಮುದಿನಿ ಸಿಸ್ಟರು ಸ್ವಲ್ಪ ಹೊತ್ತು ಅಲ್ಲೇ ನಿಂತು ಅತ್ತೆಯ ಕಥೆ ಕೇಳಿದರು. "ಭಾಳ ತಡಕೊಂಡೀಯವಾ" ಎಂದು ಹೇಳಿ, ಗುರುಪಾದಪ್ಪನಿಗೆ ಕೊಂಚ ಜೋರಾಗಿಯೇ ಚುಚ್ಚಿ ಹೋದರು.

ಮಧ್ಯಾಹ್ನ ಒಂದರ ಸುಮಾರಿಗೆ ಮೈಲಾರಲಿಂಗ ಬಂದ. ಒಂದು ಟ್ರಿಪ್ ತಪ್ಪಿಸಿ, ಮೀಸೆಗೆ ಎಣ್ಣೆ ಹಚ್ಚಿಕೊಂಡು, ಕಾಗದದ ಪೊಟ್ಟಣದಲ್ಲಿ ಬೆಳಗಾವಿಯ ಸಿಹಿ ಕುಂದಾ ತಂದಿದ್ದ. ಬಾಯಲ್ಲಿ ಕೊಳವೆ ಇದ್ದವನಿಗೆ ಕುಂದಾ ತಂದದ್ದು ತನ್ನ ಮೊದಲ ತಪ್ಪು ಎಂದು ಅವನಿಗೆ ನಿಂಗವ್ವನ ಮುಖ ನೋಡಿಯೇ ತಿಳಿಯಿತು. ಎರಡನೆಯದಕ್ಕೆ ಅವನು ತಡಮಾಡಲಿಲ್ಲ.

"ಏನಲೇ ಗುರಪಾ!" ಎಂದ, ದೋಸ್ತಿಯ ದನಿಯಲ್ಲಿ. "ಹೊಸಾ ಕೂಗಾಂವ ಒಬ್ಬನ್ನ ಇಟಗೊಂಡೀನಿ, ಆಡಿನಂಗ ಒದರ್ತಾನ. ಜನಾ ಗಾಡಿ ಬಿಟ್ಟು ಆಡಿನ ರೇಟ್ ಕೇಳಾಕ ಹತ್ಯಾರ. ಲಗೂನ ಬಾ ಮಾರಾಯಾ. ಇನ್ನೇನ್, ಸಂಜೀ ಮುಂದ ನಿನ್ನ ಗಾಡಿನೂ ಹೊಂಟ್ತು!"

ಹಾಗೆಂದವನೇ ಉಮೇದಿನಲ್ಲಿ ಕಬ್ಬಿಣದ ಮಂಚಕ್ಕೆ ಅಂಗೈಯಿಂದ ಬಡಿದ. ಧಬ್, ಧಬ್.

ಎರಡು ಬಡಿತ. ಗುರುಪಾದಪ್ಪನ ಕಣ್ಣು ಮುಚ್ಚಿಯೇ ಇತ್ತು. ಆದರೆ ಬಲಗೈ, ಹತ್ತು ವರ್ಷ ಎರಡು ಬಡಿತಕ್ಕೆ ತಪ್ಪದ ಆ ಬಲಗೈ, ಹೊದಿಕೆಯಿಂದ ಹೊರಬಂದು, ಮೇಲೆದ್ದು, ಬಾಗಿಲ ಸರಳನ್ನು ಹುಡುಕಿತು. ಸರಳು ಸಿಗಲಿಲ್ಲ, ಕೊಳವೆ ಸಿಕ್ಕಿತು. ಗಟ್ಟಿಯಾಗಿ ಹಿಡಿಯಿತು.

ಮೈಲಾರಲಿಂಗ ಗಾಬರಿಯಾಗಿ, "ಬಿಡಲೇ! ಬಿಡಲೇ!" ಎಂದು ಕೂಗಿದ. ಮಾತು ಕೇಳಿ ರೂಢಿಯಿದ್ದ ಕೈ ಅಲ್ಲ ಅದು. ಕೊಳವೆಯನ್ನು ಹಿಡಿದ ಮುಷ್ಟಿ ಮೇಲಕ್ಕೆ ಜಗ್ಗತೊಡಗಿತು. ಗಲ್ಲಕ್ಕೆ ಅಂಟಿಸಿದ್ದ ಪಟ್ಟಿ ಒಂದು ಕಡೆ ಕಿತ್ತುಬಂತು. ಮೂರನೆಯ ಸೂಜಿಗೆ ಇನ್ನೂ ಒಂದು ತಾಸಿತ್ತು. ರಾಯಪ್ಪ ಹಾಸಿಗೆಯಲ್ಲಿ ಎದ್ದು ಕೂತು, ಕೂಗಲಾರದೆ, ಪಾಟಿಯನ್ನು ಬಳಪದಿಂದ ಕಟಕಟ ಕುಟ್ಟಿದ.

ನಿಂಗವ್ವ ಕುರ್ಚಿಯಿಂದ ಏಳಲೂ ಇಲ್ಲ. ಸ್ಟ್ಯಾಂಡಿನ ಹಿಂದಿನ ಮನೆಯಲ್ಲಿ ರೊಟ್ಟಿ ಬಡಿಯುತ್ತ ಹತ್ತು ವರ್ಷ ಆ ತಗಡಿನ ಸದ್ದು ಕೇಳಿದವಳು ಅವಳು. ಜೋಳದ ಹಿಟ್ಟಿಗೆ ಪಳಗಿದ ಅಂಗೈಯನ್ನು ಎತ್ತಿ ಮಂಚದ ಸರಳಿಗೆ ಒಂದೇ ಒಂದು ಬಾರಿಸಿದಳು.

ಧಬ್.

ಕೈ ಬಿಟ್ಟಿತು. ತಾನಾಗಿ ಕೆಳಗಿಳಿದು ಹೊದಿಕೆಯ ಮೇಲೆ ಸುಮ್ಮನೆ ಮಲಗಿತು.

ಕುಮುದಿನಿ ಸಿಸ್ಟರು ಓಡಿ ಬಂದರು, ಹಿಂದೆಯೇ ಸುಮನ್ ಡಾಕ್ಟರು. ಕೊಳವೆ ಇದ್ದಲ್ಲೇ ಇತ್ತು. ಪಟ್ಟಿ ಮತ್ತೆ ಅಂಟಿಸಿದರು, ಕೈಗಳನ್ನು ಮೆತ್ತಗೆ ಬಟ್ಟೆಯಿಂದ ಮಂಚಕ್ಕೆ ಕಟ್ಟಿದರು. ಆಮೇಲೆ ಡಾಕ್ಟರು ಮೈಲಾರಲಿಂಗನ ಕಡೆ ತಿರುಗಿದರು. ಶುರುವಾದದ್ದು ಮರಾಠಿಯಲ್ಲಿ. ಇಡೀ ವಾರ್ಡು ನೆಲ ನೋಡಿತು. ಮೈಲಾರಲಿಂಗ ಹಿಂದೆ ನೋಡದೆ ಹೊರಡುವ ವಿದ್ಯೆಯಲ್ಲಿ ಪಳಗಿದವನಾದ್ದರಿಂದ ಹಾಗೆಯೇ ಹೊರಟ. ಕುಂದಾ ಮಾತ್ರ ಉಳಿಯಿತು, ಅದನ್ನು ರಾಯಪ್ಪ ನೋಡಿಕೊಂಡ.

ಎರಡಕ್ಕೆ ಮೂರನೆಯ ಸೂಜಿ ಬಿತ್ತು. ಇನ್ನು ನಾಲ್ಕು ತಾಸು. ಹತ್ತು ವರ್ಷ ಜನರನ್ನು ಕಾಯಿಸಿದವನು ಕೈ ಕಟ್ಟಿಸಿಕೊಂಡು ಕಾದ. ನಿಂಗವ್ವನಿಗೆ ಈಗ ಹಳೆಯ ಮಾತು ಮುಂದುವರಿಸುವ ಮನಸ್ಸಾಗಲಿಲ್ಲ. ಬಡಿದ ಅಂಗೈ ಕೆಂಪಾಗಿತ್ತು. ಅದನ್ನು ಅವನ ಕಟ್ಟಿದ ಕೈ ಮೇಲಿಟ್ಟು, "ಇನ್ನ ಅತ್ತಿ ಕಥಿ ಭಾಳ ಐತಿ. ಮನೀಗೆ ಬರ್ರಿ, ಹೇಳ್ತೀನಿ" ಎಂದಳು.

ಚರ್ಚಿನ ಗಂಟೆ ಆರು ಬಡಿಯುವಾಗ ಸುಮನ್ ಡಾಕ್ಟರು ಮಂಚದ ಪಕ್ಕ ನಿಂತಿದ್ದರು. ಒಂದು ಮಿನಿಟು ಮೊದಲೂ ಅಲ್ಲ, ಆಮೇಲೂ ಅಲ್ಲ. ಬಾಜೂ ಮೇಜಿನ ಮೇಲೆ ಬಿಳಿ ಬಟ್ಟೆಯ ಕೆಳಗೆ ಕೊರಳಿಗೆ ತೂತು ಮಾಡುವ ಸಾಮಾನು ತಯಾರಾಗಿ ಕೂತಿತ್ತು. ಬೇಕಾಗದಿರಲಿ ಎಂದೇ ತಂದಿಟ್ಟದ್ದು. ನಿಂಗವ್ವ ಬಟ್ಟೆಯ ಕಡೆ ನೋಡಲಿಲ್ಲ. ಕೊಳವೆ ಹೊರಬಂತು. ಗುರುಪಾದಪ್ಪ ಕೆಮ್ಮಿದ, ಉಗುಳಿದ. ಡಾಕ್ಟರು ಸ್ಟೆತೆಸ್ಕೋಪನ್ನು ಎದೆಗಲ್ಲ, ಕೊರಳಿಗೆ ಇಟ್ಟು ಕಣ್ಣು ಮುಚ್ಚಿದರು. ಅವರು ಕಿವಿಗೊಟ್ಟದ್ದು ಒಂದೇ ಸದ್ದಿಗೆ: ಉಸಿರಿನ ದಾರಿ ಕಟ್ಟಿದರೆ ಬರುವ ಆ 'ಸೊಂಯ್'.

ಐದು ಮಿನಿಟು. ಹತ್ತು. ಬಾಗಿಲ ಗಾಜಿನ ಆಚೆ ಒಂದು ಎಣ್ಣೆಮೀಸೆ ಅಂಟಿಕೊಂಡು ನಿಂತಿತ್ತು. ಅರ್ಧ ತಾಸಾಯಿತು, ಒಂದು ತಾಸಾಯಿತು. ಉಸಿರು ಹೋಗುತ್ತಿತ್ತು, ಬರುತ್ತಿತ್ತು, ದಾರಿಯಲ್ಲಿ ಎಲ್ಲೂ ನಿಲ್ಲುತ್ತಿರಲಿಲ್ಲ. ಡಾಕ್ಟರು ಬಿಳಿ ಬಟ್ಟೆ ಮುಚ್ಚಿದ ಸಾಮಾನನ್ನು ಒಳಗೆ ಒಯ್ಯಲು ಹೇಳಿ, ಗುರುಪಾದಪ್ಪನಿಗೆ ಕನ್ನಡದಲ್ಲಿ, "ಎರಡು ದಿವಸ ಮಾತು ಬಂದ್" ಎಂದರು. ನಿಂಗವ್ವನ ಮುಖ ಅರಳಿತು.

ಶಿವರಾತ್ರಿಯ ಹೊತ್ತಿಗೆ ಸ್ಟ್ಯಾಂಡಿನಲ್ಲಿ "ಬೆಳಗಾಂ..." ಮತ್ತೆ ಎದ್ದಿತು. ಮೊದಮೊದಲು ಒಂದೇ ಓಣಿಯ ತನಕ, ಯುಗಾದಿಗೆ ಮೂರು ಓಣಿ. ಶಿವದಾರ ಮೂರು ಸಲ ಗಿಡ್ಡವಾಯಿತು.

ಏಪ್ರಿಲಿನಲ್ಲಿ ಸುಮನ್ ಡಾಕ್ಟರಿಂದ ಚೀಟಿ ಬಂತು. ಮುಂಗಡವಾಗಿ ಸೂಜಿ ಕೊಡುವ ಅವರ ಪದ್ಧತಿಯನ್ನು ಹಿರಿಯ ಪ್ರೊಫೆಸರೊಬ್ಬರು ಒಪ್ಪಿರಲಿಲ್ಲ. ಬಾರದ ರೋಗಕ್ಕೆ ಔಷಧವೇಕೆ ಎಂಬುದು ಅವರ ವಾದ. ನಿಮ್ಮ ದನಿಯೇ ನನ್ನ ಸಾಕ್ಷಿ, ದಯಮಾಡಿ ಬಂದು ವಿದ್ಯಾರ್ಥಿಗಳ ಮುಂದೆ ನಿಲ್ಲಿ, ಎಂದು ಡಾಕ್ಟರು ಬರೆದಿದ್ದರು.

ಗುರುಪಾದಪ್ಪ ಹೊಸ ಧೋತರ ಉಟ್ಟು ಹೋದ. ಜೊತೆಗೆ ನಿಂಗವ್ವ, ಮೈಲಾರಲಿಂಗ. ಟೆಂಪೋದಲ್ಲಿ ಇಪ್ಪತ್ತಾರು ಕಿಲೋಮೀಟರ್ ಉದ್ದಕ್ಕೂ ಮೈಲಾರಲಿಂಗ ಅವನಿಗೆ ಭಾಷಣ ಕಲಿಸಿದ್ದ: ಸಾವಿನ ಬಾಯಿ, ಪುನರ್ಜನ್ಮ, ಎಲ್ಲ ಇದ್ದವು. ಮೆಟ್ಟಿಲುಮೆಟ್ಟಿಲಾಗಿ ಬೆಂಚುಗಳಿದ್ದ ಕೋಣೆ. ಬಿಳಿ ಕೋಟಿನ ಅರವತ್ತು ಹುಡುಗ ಹುಡುಗಿಯರು. ಕೊನೆಯ ಬೆಂಚಿನಲ್ಲಿ ಕೈಕಟ್ಟಿ ಕೂತ ಪ್ರೊಫೆಸರರು. ಗುರುಪಾದಪ್ಪ ಬಾಗಿಲಲ್ಲಿ ನಿಂತು "ಶರಣ್ರೀ" ಎಂದ. ಕಿಟಕಿಯ ಗಾಜು ಗಡಗಡಿಸಿತು. ಸುಮನ್ ಡಾಕ್ಟರ ಮುಖದ ಮೇಲೆ ಹೆಮ್ಮೆ ಎದ್ದು ಕಾಣಿಸಿತು.

ಅವರು ಹಲಗೆಯ ಮೇಲೆ ಉಸಿರಿನ ನಳಿಗೆಯ ಚಿತ್ರ ಬರೆದರು. ಬಾವು ಬಂದರೆ ಅದು ಹೇಗೆ ಹುಲ್ಲುಕಡ್ಡಿಯಷ್ಟು ಸಣ್ಣದಾಗುತ್ತದೆ ಎಂದು ತೋರಿಸಿದರು. ಮೂರು ಸೂಜಿಗಳ ವೇಳೆ ಬರೆದರು. ಮಾತು ಮುಗಿಸಿ ಪ್ರೊಫೆಸರರ ಕಡೆ ನೋಡಿದರು. ಪ್ರೊಫೆಸರರು ಎದ್ದು ನಿಂತು, ಕನ್ನಡಕ ಏರಿಸಿ, ಇಡೀ ಕೋಣೆಗೆ ಕೇಳುವಂತೆ ಕೇಳಿದರು:

"ಗುರುಪಾದಪ್ಪನವರ, ಮೂರು ಸೂಜಿ ಆದುವು, ಆರು ಗಂಟೇಕ ಕೊಳವಿ ತಗದ್ರು. ಅದಾದ ಮ್ಯಾಲ ನಿಮಗ ಏನೇನ ಆತು? ಒಂದೂ ಬಿಡಲಾರದ, ಬಿಡಿಸಿ ಹೇಳ್ರಿ."

ಅರವತ್ತು ಪೆನ್ನುಗಳು ಕಾಗದದ ಮೇಲೆ ಸಿದ್ಧವಾದವು. ಮೈಲಾರಲಿಂಗ ಭಾಷಣದ ಮೊದಲ ಸಾಲನ್ನು ತುಟಿಯಲ್ಲೇ ಆಡಿ ತೋರಿಸಿದ. ಗುರುಪಾದಪ್ಪ ಕೊರಳು ಸವರಿಕೊಂಡು, ಬಹಳ ಹೊತ್ತು ಪ್ರಾಮಾಣಿಕವಾಗಿ ನೆನಪು ಮಾಡಿಕೊಂಡ.

"ಏನೂ ಆಗ್ಲಿಲ್ರಿ," ಎಂದ. ಅರವತ್ತರಲ್ಲಿ ಒಂದು ಪೆನ್ನೂ ಏನೂ ಬರೆಯದ್ದು ನೋಡಿ ಅವನಿಗೇ ಸಂಕೋಚವಾಯಿತು. "ಯಾಕ್ರೀ ಸರ, ಏನರೇ ಆಗಬೇಕಿತ್ತೇನ್ರಿ?"